ಸೊಲ್ಲಾಪುರದ ಬರ್ಫ, ಬಬಲೇಶ್ವರದ ಹುಲ್ಲು

೧೯೬೪ನೆಯ ಇಸವಿ, ಏಪ್ರಿಲ್ ತಿಂಗಳು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಸ್ಥಳ: ವಿಜಾಪುರದ ಸ್ಟೇಷನ್ ರಸ್ತೆಯಿಂದ ಒಳಗೆ ಎರಡನೆಯ ಓಣಿಯಲ್ಲಿದ್ದ ಮನೆಯೊಂದರ ಪಡಸಾಲೆ. ಹಾಜರಿದ್ದವರು ಐದು ಜನ: ಮನೆಯ ಯಜಮಾನರು, ಅವರ ಹೆಂಡತಿ, ಟಿಕೋಟಾದಿಂದ ಬಂದಿದ್ದ ಯಜಮಾನರ ಅಣ್ಣ, ಟಾಂಗಾದವನು ಮತ್ತು ನಾನು. ಅಣ್ಣನವರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಟಾಂಗಾದವನಿಗೆ ಎರಡು ಗಂಟೆಗೆ ಮತ್ತೆ ಬಾ ಎಂದು ಹೇಳಿಯಾಗಿತ್ತು. ಅವನು ಹೋಗಿರಲಿಲ್ಲ.

ನಾನು ಆಗ ಆಸ್ಪತ್ರೆಯ ಕಣ್ಣಿನ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಯಾವ ಸಂಗತಿಯನ್ನೂ ವೇಳೆ ಹಾಕದೆ ಬರೆಯಬಾರದೆಂದು ನಮಗೆ ಕಲಿಸಿದ್ದರು. ಆ ಅಭ್ಯಾಸ ನಿವೃತ್ತಿಯ ನಂತರವೂ ಹೋಗಿಲ್ಲ. ಈಗ ಜಲನಗರದ ಮನೆಯಲ್ಲಿ ಹಾಲಿನವನು ಬಂದ ವೇಳೆಯನ್ನೂ ಕ್ಯಾಲೆಂಡರಿನ ಮೇಲೆ ಗುರುತು ಮಾಡುತ್ತೇನೆ. ಹಾಲಿನವನಿಗೆ ಇದು ಇಷ್ಟವಿಲ್ಲ.

ನಾನು ಹೇಳಹೊರಟಿರುವುದು ಆ ಮನೆಯ ಯಜಮಾನರ ಬಗ್ಗೆ. ಅವರು ಬಾಂಡ್ ರೈಟರ್. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಇಳಿಜಾರು ಮೇಜು ಇಟ್ಟುಕೊಂಡು ಜನರಿಗೆ ಖರೀದಿಪತ್ರ, ಪಾಲುಪತ್ರ, ಬಾಡಿಗೆಪತ್ರ ಬರೆದುಕೊಡುತ್ತಿದ್ದರು. ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಬರಿಯ ಹೆಸರು ಹಾಕುವುದು ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ. ಹೆಸರಿನ ಹಿಂದೆ ತಂದೆಯ ಹೆಸರು, ವಯಸ್ಸು, ಉದ್ಯೋಗ, ಸಾಕಿನ್ ಎಂದು ವಾಸದ ಊರು, ಎಲ್ಲವೂ ಬರಬೇಕು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ಅವರಿಗೆ ಮಕ್ಕಳಿರಲಿಲ್ಲ. ಆ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾನು ನನ್ನ ತಾಯಿಯೊಂದಿಗೆ ಬಾಡಿಗೆಗಿದ್ದೆ.

ಆ ಕೋಣೆಗಳಿಗೆ ಅವರು ಬರೆದ ಬಾಡಿಗೆಪತ್ರ ನಾಲ್ಕು ಪುಟದ್ದಿತ್ತು. ತುಳಸಿಕಟ್ಟೆಗೆ ಯಾರು ಯಾವ ವಾರ ನೀರು ಹಾಕಬೇಕು, ಹಿತ್ತಲಿನ ಹೌದು ಎಂಬ ಕಲ್ಲಿನ ನೀರುತೊಟ್ಟಿಯಿಂದ ಯಾರು ಎಷ್ಟು ಹೊತ್ತಿಗೆ ನೀರು ತುಂಬಿಕೊಳ್ಳಬೇಕು ಎಂಬುದೆಲ್ಲ ಅದರಲ್ಲಿತ್ತು. ಕೊನೆಯ ಕಲಮು ಬೆಕ್ಕಿನ ಬಗ್ಗೆ: ಮಾಳಿಗೆಯ ಮೇಲೆ ತಿರುಗುವ ಬೂದು ಬೆಕ್ಕು ಎರಡೂ ಪಕ್ಷದವರಿಗೆ ಸೇರಿದ್ದಲ್ಲವೆಂದೂ ಅದು ಕುಡಿದ ಹಾಲಿಗೆ ಯಾರೂ ಯಾರನ್ನೂ ಕೇಳತಕ್ಕದ್ದಲ್ಲವೆಂದೂ. ಅವರು ನಗದೆ ಓದಿ ಹೇಳಿದರು. ನಾನು ನಗದೆ ಸಹಿ ಮಾಡಿದೆ. ನಮ್ಮಿಬ್ಬರ ಸ್ವಭಾವ ಹೊಂದುತ್ತದೆಂದು ನನಗೆ ಅಂದೇ ಗೊತ್ತಾಯಿತು.

ಅವರಿಗೆ ಎಲ್ಲವನ್ನೂ ಪೂರ್ತಿ ಓದುವ ರೂಢಿ. ಬಸ್ ಟಿಕೆಟಿನ ಹಿಂದೆ ಅಚ್ಚಾದದ್ದನ್ನು ಟಿಕೋಟಾ ನಾಕೆ ಬರುವ ತನಕ ಓದುತ್ತಿದ್ದರು. ಮದುವೆಯ ಕರೆಯೋಲೆ ಬಂದರೆ, "ಬರ್ರಿ ಅಂತ ಬರದಾರ, ಊಟ ಮಾಡ್ರಿ ಅಂತ ಎಲ್ಲೆ ಬರದಾರ?" ಎಂದು ಕಾಕುವಿನ ಮುಂದೆ ಹಿಡಿಯುತ್ತಿದ್ದರು. ಕಾಕು ಓದು ಬರದವರು. "ಹಂಗಾದ್ರ ಉಂಡ ಹೋಗ್ರಿ" ಎಂದು ತಾಟು ಇಡುತ್ತಿದ್ದರು.

ಒಮ್ಮೆ ಬಬಲೇಶ್ವರದ ಇಬ್ಬರು ರೈತರು ಎತ್ತಿನ ಖರೀದಿಪತ್ರಕ್ಕೆ ಬಂದರು. ಅವರಿಬ್ಬರೂ ಒಂದೇ ಊಟದ ಗಂಟು ಬಿಚ್ಚಿ ತಿಂದವರು. ಕಾಕಾ ಪೆನ್ನನ್ನು ಮಸಿಯಲ್ಲಿ ಅದ್ದಿ, "ಕೊರಳಾಗಿನ ಗಂಟಿ ಎತ್ತಿನ ಕೂಡ ಹೋಗತೈತೋ, ನಿಮ್ಮ ಕಡೆ ಉಳೀತೈತೋ?" ಎಂದು ಕೇಳಿದರು. ಇಬ್ಬರೂ ಒಂದೇ ಸಲಕ್ಕೆ "ನಂದು" ಎಂದರು. ಅರ್ಧ ತಾಸಿನಲ್ಲಿ ಅವರು ಬೇರೆ ಬೇರೆ ದಾರಿ ಹಿಡಿದರು. ಎತ್ತು ಮಾರಲು ಬಂದವನ ಜೊತೆಗೇ ವಾಪಸು ಹೋಯಿತು. ಕಾಕಾ ಪೆನ್ನು ಒರೆಸಿ ಇಟ್ಟು, "ಇವತ್ತ ಬರೇ ಬೈದಾಡಿದ್ರು. ಬರದು ಕೊಟ್ಟಿದ್ರ ಮುಂದಿನ ವರ್ಷ ಇಲ್ಲೇ ಒಳಗ ನಿಂತಿರತಿದ್ರು" ಎಂದು ಕೋರ್ಟಿನ ಬಾಗಿಲು ತೋರಿಸಿದರು. ಆ ದಿನ ಅವರಿಗೆ ಬೇರೆ ಕೆಲಸ ಬರಲಿಲ್ಲ.

ಇಷ್ಟು ಎಚ್ಚರದ ಮನುಷ್ಯ ಜೀವನದಲ್ಲಿ ಒಂದು ಕೆಲಸವನ್ನು ಯಾರನ್ನೂ ಕೇಳದೆ ಮಾಡಿದ್ದರು. ಟಿಕೋಟಾದಲ್ಲಿ ಅಣ್ಣ ತಮ್ಮಂದಿರ ಜಂಟಿ ಬಾವಿಯೊಂದಿತ್ತು. ತಂದೆ ತೋಡಿಸಿದ್ದು. ಪಾಲಾದ ಮೇಲೆ ಕಾಕಾ ತಮ್ಮ ಹೊಲವನ್ನೂ ಬಾವಿಯ ಪಾಲನ್ನೂ ಹೊರಗಿನವನೊಬ್ಬನಿಗೆ ಮಾರಿ ವಿಜಾಪುರದಲ್ಲಿ ಈ ಮನೆ ಕಟ್ಟಿಸಿದರು. ಅಣ್ಣನಿಗೆ ಸುದ್ದಿ ತಿಳಿದದ್ದು ಹೊರಗಿನವನು ಬಾವಿಗೆ ನೀರೆತ್ತುವ ತೊಗಲ ಕಪಿಲೆ ಇಳಿಸಿದಾಗ. ೧೯೫೭ರಲ್ಲಿ ಮನೆಯ ವಾಸ್ತುಶಾಂತಿಯ ದಿನ ಅಣ್ಣ ಬಂದರು. ಹೊಸ್ತಿಲ ಹೊರಗೇ ನಿಂತು, ಊಟಕ್ಕೆ ಕುಳಿತಿದ್ದ ಎಲ್ಲರಿಗೂ ಕೇಳುವಂತೆ ಹೇಳಿದರು:

"ನಮ್ಮಪ್ಪನ ಬಾವಿ ಮಾರಿ ಕಟ್ಟಿದ ಮನಿ ಇದು. ಈ ಮನೀ ನೀರು ನನ್ನ ಗಂಟಲಾಗ ಇಳಿಯೂದಿಲ್ಲ."

ಹೇಳಿ ಹೊರಟುಹೋದರು. ಅಂದಿನಿಂದ ತಮ್ಮನ ಜೊತೆ ಮಾತೂ ನಿಂತಿತು.

ಆಣೆ ಅಣ್ಣನದು, ತನ್ನದಲ್ಲ ಎಂದು ಕಾಕಾ ಪ್ರತಿ ಯುಗಾದಿಗೆ ತಪ್ಪದೆ ಟಿಕೋಟಾಕ್ಕೆ ಹೋಗುತ್ತಿದ್ದರು. ಅಣ್ಣನ ಮನೆಯಲ್ಲಿ ಹೋಳಿಗೆ ಉಂಡು, ನೀರು ಕುಡಿದು, ಒಂದೂ ಮಾತಿಲ್ಲದೆ ಸಂಜೆ ಬಸ್ಸಿಗೆ ತಿರುಗಿ ಬರುತ್ತಿದ್ದರು. ಟಿಕೋಟಾದ ಕಡೆಯವರು ಯಾರೇ ಕಾಗದ ಬರೆಸಲು ಬರಲಿ, ಮೊದಲು "ಬಾವಿ ನೀರು ಎಷ್ಟೈತಿ?" ಎಂದು ಕೇಳಿಯೇ ಮುಂದಿನ ಮಾತು.

ಇಷ್ಟು ತಿಳಿದ ಮೇಲೆ ಆ ಮಂಗಳವಾರಕ್ಕೆ ಬರಬಹುದು.

ಅಣ್ಣನವರ ಎಡಗಣ್ಣು ಹಿಂದೆಯೇ ಕೊಯ್ದು ಬಿಟ್ಟ ಜೋಳದ ಕೂಳೆ ಚುಚ್ಚಿ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದು ನಮ್ಮ ವಾರ್ಡಿನಲ್ಲಿ ಆಪರೇಷನ್ ಆಯಿತು. ಹತ್ತು ದಿನ ಮಲಗಿಸಿ ಇಟ್ಟು ಆ ಬೆಳಿಗ್ಗೆ ಬಿಟ್ಟೆವು. ಡಾಕ್ಟರು ನನ್ನೆದುರಿಗೇ ಹೇಳಿದ್ದರು: ಇನ್ನೂ ಹದಿನೈದು ದಿನ ವಿಜಾಪುರದಲ್ಲೇ ಇರಬೇಕು, ದಿನಾ ಪಟ್ಟಿ ಬದಲಾಗಬೇಕು, ದೂರಕ್ಕೆ ಬಸ್ಸು ಬಂಡಿ ಹತ್ತಬಾರದು, ಕುಲುಕಿದರೆ ಹೊಲಿಗೆ ಬಿಚ್ಚುತ್ತದೆ. ಟಿಕೋಟಾ ರಸ್ತೆ ಆಗ ಬರಿ ಕಲ್ಲು. ಆ ರಸ್ತೆಯಲ್ಲಿ ಎರಡು ಕಣ್ಣಿದ್ದವರೂ ಒಂದು ಕೈಯಿಂದ ತಲೆ ಹಿಡಿದುಕೊಂಡೇ ಹೋಗುತ್ತಿದ್ದರು. ಇವರಿಗೆ ಉಳಿದಿದ್ದದ್ದು ಒಂದೇ.

ಅಣ್ಣನವರು ಎರಡೂವರೆಯ ಬಸ್ಸಿಗೆ ಊರಿಗೆ ಹೋಗುವುದೆಂದು ನಿಶ್ಚಯಿಸಿದ್ದರು. ನಾನು ಟಾಂಗಾದವನಿಗೆ ಹೇಳಿ, ಬಸ್ಸಿನ ಹೊತ್ತಿನ ತನಕ ನೆರಳಿನಲ್ಲಿ ಕೂಡಲೆಂಬ ನೆಪದಲ್ಲಿ, ಟಾಂಗಾವನ್ನು ಈ ಮನೆಯ ಮುಂದೆ ನಿಲ್ಲಿಸಿದ್ದೆ. ಅವರು ಪಡಸಾಲೆಯ ಬೆಂಚಿನ ತನಕ ಬಂದು ಕುಳಿತರು. ಅದರ ಒಳಗೆ ಬರಲಿಲ್ಲ.

"ನೀರು ಕುಡಿಯದ ಮನ್ಯಾಗ ಹದಿನೈದ ದಿನ ಹ್ಯಾಂಗ ಇರಬೇಕು, ನರ್ಸಬಾಯಿ? ನೀನ ಹೇಳು" ಎಂದರು.

"ಬಸ್ಸು ಹತ್ತಿದ್ರ ಕಣ್ಣು ಹೋಗತೈತ್ರಿ."

"ಹೋಗ್ಲಿ. ಒಂದು ಹೋದಾಗ ಇನ್ನೊಂದರಾಗ ಏನು ಭಾಳ ನೋಡೇನಿ?"

ಎದುರು ಮನೆಯಿಂದ ನೀರು ತಂದುಕೊಡಲೇ ಎಂದು ಕೇಳಿದೆ. "ತಮ್ಮನ ಪಡಸಾಲ್ಯಾಗ ಕುಂತು ಮಂದಿ ಮನೀ ನೀರು ಬೇಡಿ ಕುಡೀಲೇನು? ನಾನೇನು ಭಿಕ್ಷಾಕ ಬಂದೇನಿ?" ನನ್ನ ಕೋಣೆಗಳಿಗೂ ಅದೇ ಹೌದಿನ ನೀರು, ಆದ್ದರಿಂದ ಅದೂ ಆಗಲಿಲ್ಲ. ಕಾಕು ಬಾಗಿಲ ಸಂದಿಯಿಂದ ಚಹಾ ಇಡಲೇ ಎಂದರು. "ಚಾದಾಗ ನೀರಿಲ್ಲೇನು?" ಹಾಲು? "ಗೌಳಿ ನೀರು ಎಲ್ಲೆ ತುಂಬಕೋತಾನ, ಕೇಳು." ಕೇಳಬೇಕಾಗಿರಲಿಲ್ಲ. ಗೌಳಿ ನಮ್ಮ ಹೌದಿನಿಂದಲೇ ತುಂಬಿಕೊಳ್ಳುತ್ತಿದ್ದುದು ಓಣಿಗೆಲ್ಲ ಗೊತ್ತಿತ್ತು.

ಈ ತನಕ ಕಾಕಾ ಕಂಬಕ್ಕೆ ಒರಗಿ ನಿಂತಿದ್ದರು. ಈಗ ನನ್ನನ್ನು ಹಿತ್ತಲಿಗೆ ಕರೆದರು. ಆಣೆಯ ಮಾತನ್ನು ಬೆರಳು ಮಡಿಚಿ ಮಡಿಚಿ ಓದಿದರು.

"ಈ ಮನೀ ನೀರು. ಅಷ್ಟ ಅಂದಾನ. ಈ ಮನೀ ಬೆಂಕಿ ಅಂದಿಲ್ಲ. ಈ ಮನೀ ಕೈ ಅಂದಿಲ್ಲ."

"ಅವರ ಮಗ ವಾರ್ಡಿಗೆ ತಂದುಕೊಟ್ಟ ದ್ರಾಕ್ಷಿ ಐತಲ್ರೀ ಕಾಕಾ. ಆ ರಸಾನ ಹಿಂಡಿ ಕೊಟ್ರಾತು" ಎಂದೆ.

"ಅದು ಅವನ ತೋಟದ್ದ. ಅದನ್ನ ಕುಡಿದ್ರ ಅಂವ ನಮ್ಮ ಮನ್ಯಾಗ ಏನೂ ಕುಡಿದಂಗ ಆಗಲಿಲ್ಲ. ನಮ್ಮ ಒಲಿ ಮ್ಯಾಲ ಕುದ್ದದ್ದು ಏನರ ಅವನ ಹೊಟ್ಟಿಗೆ ಹೋಗಬೇಕು, ನರ್ಸಬಾಯಾರ. ಅದಾದ್ರ ಅಂವ ಇರತಾನ."

ಹನ್ನೊಂದು ನಲವತ್ತಕ್ಕೆ ಟಾಂಗಾದವನನ್ನು ಸ್ಟೇಷನ್ ರಸ್ತೆಯ ಸೋಡಾ ಅಂಗಡಿಗೆ ಬರ್ಫ, ಅಂದರೆ ಮಂಜುಗಡ್ಡೆ, ತರಲು ಕಳಿಸಲಾಯಿತು. ಬರ್ಫ ಎಲ್ಲಿಯ ನೀರಿನದೆಂದು ಕೇಳಿಕೊಂಡು ಬರಬೇಕೆಂದು ಕಾಕಾ ತಾಕೀತು ಮಾಡಿದರು. ಅವನು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಗೋಣಿತಟ್ಟಿನಲ್ಲಿ ಸುತ್ತಿದ ಬರ್ಫದ ಗಡ್ಡೆ ಹೊತ್ತು ಬಂದ. ಮೇಲೆಲ್ಲ ಕಟ್ಟಿಗೆ ಹೊಟ್ಟು.

"ಸೊಲ್ಲಾಪುರದ್ದಂತ್ರೀ. ಮುಂಜಾನೆ ರೈಲಿಗೆ ಬಂದೈತಿ."

"ಬರದು ಕೊಟ್ಟಾನೇನು?"

"ಬರ್ಫ ಕೊಟ್ಟಾನ್ರೀ. ಬರಿಯೂ ತನಕ ನಿಂತಿದ್ರ ಬರೇ ತಟ್ಟು ತರತಿದ್ದೆ."

ಕಾಕಾ ಬಾಯಿಮಾತನ್ನೇ ಸ್ವೀಕರಿಸಿದರು.

ನಾನು ಎರಡು ಷರತ್ತು ಹಾಕಿದೆ. ಪೇಟೆಯ ಬರ್ಫವನ್ನು ಹಸಿಯಾಗಿ ರೋಗಿಯ ಬಾಯಿಗೆ ಹಾಕುವಂತಿಲ್ಲ. ಕರಗಿದ ನೀರನ್ನು ಪೂರ್ತಿ ಹತ್ತು ನಿಮಿಷ ಕುದಿಸಬೇಕು. ಕಾಕಾ ಒಂದು ಷರತ್ತು ಹಾಕಿದರು. ಮನೆಯ ಪಾತ್ರೆಗಳೆಲ್ಲ ಹೌದಿನ ನೀರಿನಲ್ಲಿ ತೊಳೆದವು, ಆದ್ದರಿಂದ ಒಂದನ್ನೂ ಮುಟ್ಟುವಂತಿಲ್ಲ. ನನ್ನ ಪೆಟ್ಟಿಗೆಯಲ್ಲಿ ಆಸ್ಪತ್ರೆಯಿಂದ ಕುದಿಸಿ ಒಣಗಿಸಿ ತಂದ ಮುಚ್ಚಳದ ಎನಾಮಲ್ ಪಾತ್ರೆ ಎರಡಿದ್ದವು, ಪಟ್ಟಿಯ ಬಟ್ಟೆಯಿತ್ತು, ಒಂದು ಕತ್ತರಿಯಿತ್ತು. ಅಡುಗೆ ಅವುಗಳಿಂದಲೇ ನಡೆಯಿತು.

ಹೊಟ್ಟು ಕೆರೆದು ತೆಗೆದ ಬರ್ಫದ ಒಂದು ತುಂಡನ್ನು ಮೊದಲ ಪಾತ್ರೆಯಲ್ಲಿ ಹಾಕಿ ಸ್ಟೋವ್ ಮೇಲಿಟ್ಟೆವು. ಅದು ಕರಗಿ, ಬಿಸಿಯಾಗಿ, ಹತ್ತು ನಿಮಿಷ ಕುದಿಯಿತು. ಅದಕ್ಕೆ ಗವತಿ ಚಹಾ ಎಂದು ನಮ್ಮ ಕಡೆ ಕರೆಯುವ, ಲಿಂಬೆಯ ವಾಸನೆ ಬರುವ ಉದ್ದ ಹುಲ್ಲು. ಹಿಂದಿನ ದಿನ ತವರುಮನೆ ಬಬಲೇಶ್ವರದಿಂದ ಕಾಕು ಒಂದು ಸಿವುಡು ತಂದಿದ್ದರು. ಆರು ಎಸಳನ್ನು ಕತ್ತರಿಯಿಂದ ಕತ್ತರಿಸಿ, ಗಂಟು ಹಾಕಿ, ಕುದಿಯುವ ನೀರಿಗೆ ಬಿಟ್ಟು, ಹತ್ತೆಂಟು ತುಳಸಿ ಎಲೆ, ಜಜ್ಜಿದ ಹಸಿ ಶುಂಠಿಯ ಒಂದು ಚೂರು ಹಾಕಿ, ಉರಿ ಆರಿಸಿ ಮುಚ್ಚಿದೆವು. ತುಳಸಿಗೆ ನಾವೇ ಹೌದಿನ ನೀರು ಹಾಕುವವರು ಎಂದು ನಾನು ನೆನಪಿಸಿದೆ. ಕಾಕಾ ತುಳಸಿಕಟ್ಟೆಯ ಕಡೆ ತಿರುಗಿ ನೋಡಿ, "ಅದನ್ನ ಗಿಡ ಕುಡಿದೈತಿ" ಎಂದರು.

ಮುಚ್ಚಿಟ್ಟದ್ದು ಹತ್ತು ನಿಮಿಷ. ಹೆಚ್ಚು ಬಿಟ್ಟರೆ ಹುಲ್ಲು ಕಹಿಯಾಗುತ್ತದೆ. ಆ ಹೊತ್ತಿನಲ್ಲಿ ದ್ರಾಕ್ಷಿಯನ್ನು ಎರಡನೆಯ ಪಾತ್ರೆಯಲ್ಲಿ ಹಿಸುಕಿ ಪಟ್ಟಿಯ ಬಟ್ಟೆಯಲ್ಲಿ ಹಿಂಡಿದೆವು. ಸೋಸಿದ ಹುಲ್ಲಿನ ಕಷಾಯ ಆರಿದ ಮೇಲೆ ಈ ರಸ, ದ್ರಾಕ್ಷಿಯ ಜೊತೆ ಮಗ ತಂದುಕೊಟ್ಟಿದ್ದ ಲಿಂಬೆ ಒಂದೂವರೆ, ಕಲ್ಲುಸಕ್ಕರೆಯ ಪುಡಿ, ಚಿಟಿಕೆ ಉಪ್ಪು. ಲಿಂಬೆಯನ್ನು ಬಿಸಿಯಲ್ಲಿ ಹಿಂಡಬಾರದು. ಕೊನೆಗೆ ಪಾತ್ರೆಗೆ ಮುಚ್ಚಳ ಬಿಗಿದು, ಬುಟ್ಟಿಯಲ್ಲಿ ಉಳಿದ ಬರ್ಫವನ್ನು ಒಡೆದು ಹಾಕಿ ಅದರೊಳಗೆ ಕುತ್ತಿಗೆಯ ತನಕ ಹೂತೆವು. ಬರ್ಫ ಪಾತ್ರೆಯ ಹೊರಗೇ ಉಳಿಯಿತು. ಈಗಲೂ ಬೇಸಿಗೆಯಲ್ಲಿ ನಾನು ಹೀಗೆಯೇ ಮಾಡುತ್ತೇನೆ, ನಲ್ಲಿ ನೀರಿನಲ್ಲಿ. ಮನೆಗೆ ಬಂದವರು ಎರಡನೆಯ ಲೋಟ ಕೇಳುತ್ತಾರೆ.

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬರ್ಫದಿಂದ ಎತ್ತಿದ ಪಾತ್ರೆಯ ಹೊರಮೈ ಬೆವರಿತು. ಕಷಾಯದ ಬಣ್ಣ ಎಳೆಯ ಬೆಲ್ಲದ್ದು. ಕಾಕಾ ಪಾತ್ರೆಯನ್ನು ತಾವೇ ಹಿಡಿದು ಪಡಸಾಲೆಗೆ ನಡೆದರು. ಕಾಕು ತಲೆಯ ಮೇಲೆ ಸೆರಗು ಎಳೆದುಕೊಂಡು ಲೋಟ ತಂದರು. ಮದುವೆಯಲ್ಲಿ ಬಂದ ಹಿತ್ತಾಳೆಯ ಲೋಟ. ಕಾಕಾ ಸುರಿದರು. ನಾನು ಅದನ್ನು ಅಣ್ಣನವರ ಕೈಗೆ ಮುಟ್ಟಿಸಿದೆ.

"ಏನಿದು?"

ಕಾಕಾ ಸಾಕ್ಷಿಗಟ್ಟೆಯಲ್ಲಿ ನಿಂತವರಂತೆ ಕೈ ಕೆಳಗೆ ಬಿಟ್ಟು ಹೇಳಿದರು. "ಹುಲ್ಲು ಬಬಲೇಶ್ವರದ್ದು. ದ್ರಾಕ್ಷಿ, ಲಿಂಬಿ ನಿನ್ನ ತೋಟದ್ದು. ಬರ್ಫ ಸೊಲ್ಲಾಪುರದ್ದು. ಭಾಂಡಿ ನರ್ಸಬಾಯಾರದು. ಈ ಮನೀದು ಅಂದ್ರ ತುಳಸಿ ಶುಂಠಿ, ಸಕ್ರಿ ಉಪ್ಪು, ಬೆಂಕಿ ಒಂದು, ಕೈ ಒಂದು."

ಅಣ್ಣನವರು ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಹನ್ನೊಂದು ಗಂಟೆಯಿಂದ ಬಾಯಿಗೆ ಏನೂ ಬಿದ್ದಿರಲಿಲ್ಲ. ತುಟಿ ಒಡೆದಿತ್ತು. ಒಂದು ಗುಟುಕು ಕುಡಿದು ನಿಲ್ಲಿಸಿದರು. ಆಮೇಲೆ ಉಳಿದದ್ದನ್ನು ಒಂದೇ ಉಸಿರಿಗೆ ಕುಡಿದರು. ಬರಿದಾದ ಲೋಟವನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿದರು.

"ನರ್ಸಬಾಯಿ, ಅವನ್ನ ಕೇಳು. ಲೋಟ ಯಾವ ನೀರಾಗ ತೊಳದಾರ?"

ಕಾಕಾ ಕಾಕುವಿನ ಮುಖ ನೋಡಿದರು. ನಾನೂ ನೋಡಿದೆ. ಲೋಟದ ವಿಚಾರ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕೋಣೆಯೊಳಗಿಂದ ತರುವಾಗ ಕಾಕು ಹೌದಿನ ಹತ್ತಿರ ನಿಂತು ಅದನ್ನು ಒಮ್ಮೆ ಗಲಬರಿಸಿ ತೊಳೆದುಕೊಂಡೇ ಬಂದಿದ್ದರು. ಹಿರಿಯರ ಕೈಗೆ ಕೊಡುವ ಲೋಟವನ್ನು ತೊಳೆಯದೆ ತರುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಎದುರಿನವರು ನೋಡಲಿ, ನೋಡದಿರಲಿ, ತೊಟ್ಟಿಕ್ಕುವ ಲೋಟವೇ ಮರ್ಯಾದೆ.

"ಭಾವಾರಿಗೆ ಒಣಾ ಲೋಟ ಹ್ಯಾಂಗ ಕೊಡ್ಲಿ?" ಎಂದು ಕಾಕು ಸೆರಗಿನೊಳಗಿಂದ ಹೇಳಿದರು.

ಬರ್ಫದ ನೀರಿನಲ್ಲಿ ತೊಳೆದೆವು ಎಂದರೆ ಮುಗಿಯುತ್ತಿತ್ತು. ಕೇಳಿದವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗೆ ಹೇಳಲು ನಾನು ಬಾಯಿ ತೆರೆದದ್ದೂ ನಿಜ. ಮೂವತ್ತು ವರ್ಷದ ನೌಕರಿಯಲ್ಲಿ ತಪ್ಪು ವರದಿ ಕೊಡಲು ನಾನು ತಯಾರಾದದ್ದು ಅದೊಂದೇ ಸಲ. ಕಾಕಾ ಕೈ ಎತ್ತಿ ನನ್ನನ್ನು ತಡೆದರು.

"ನಮ್ಮ ಹೌದಿನ ನೀರಾಗ ತೊಳದೀವಿ, ಅಣ್ಣಾ. ಒರಸಿಲ್ಲ. ಎರಡು ಹನಿ ಹೋಗಿರಬೇಕು."

ಹೊರಗೆ ಟಾಂಗಾದವನು ಕುದುರೆಯ ಮುಂದಿನ ಹುಲ್ಲು ಸರಿಸುವುದನ್ನು ನಿಲ್ಲಿಸಿ ಕಿವಿಗೊಟ್ಟ. ಗಡಿಯಾರದಲ್ಲಿ ಒಂದೂವರೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಅಣ್ಣನವರು ಲೋಟವನ್ನು ಮೊಣಕಾಲ ಮೇಲೆ ಬೋರಲು ಹಾಕಿದರು. ಅದರಿಂದ ಎರಡೋ ಮೂರೋ ಹನಿ ಧೋತರದ ಮೇಲೆ ಬಿದ್ದವು.

"ಎರಡು ಹನಿ ಸಲುವಾಗಿ ಇಷ್ಟು ತಿರಗ್ಯಾಡಿದಿ" ಎಂದರು. ಈ ಸಲ ನರ್ಸಬಾಯಿ ಎಂದು ಶುರುಮಾಡಲಿಲ್ಲ. ಮುಖವನ್ನು ಕಾಕಾ ನಿಂತ ಕಡೆಗೇ ತಿರುಗಿಸಿದ್ದರು. "ಬಾವಿ ಮಾರೂ ಮುಂದ ಒಮ್ಮೆ ಟಿಕೋಟಾಕ್ಕ ಬಂದು ಹಿಂಗ ನಿಂತು ಹೇಳಿದ್ರ ಆಗ್ತಿತ್ತಿಲ್ಲೋ?"

"ಆಗ್ತಿತ್ತಣ್ಣಾ."

"ನಾ ಬ್ಯಾಡ ಅಂತಿದ್ದೆ."

"ಅದಕ್ಕ ಬರಲಿಲ್ಲ."

"ಬ್ಯಾಡ ಅಂತಿದ್ದೆ, ಆಮ್ಯಾಗ ಒಪ್ಪಿಗಿ ಕೊಡತಿದ್ದೆ. ಅದು ನಿನಗ ಓದಾಕ ಬರಲಿಲ್ಲ."

ಕಾಕಾ ಮುಂದೆ ಬಂದು ಮೊಣಕಾಲ ಮೇಲಿನ ಲೋಟವನ್ನು ಎತ್ತಿಕೊಂಡರು.

"ಲೇ" ಎಂದರು ಅಣ್ಣನವರು ಮತ್ತೆ. "ಬಾಯೆಲ್ಲಾ ಹುಲ್ಲ ಹುಲ್ಲ ಆಗೇತಿ. ದನಕ್ಕ ಹಾಕೂದು ನನಗ ಕುಡಿಸೀದಿ. ನೀರು ಕೊಡು."

ಕಾಕು ಓಡಿದರು. ಒಂದು ತಂಬಿಗೆ ಹೌದಿನ ನೀರು ತಂದರು. ಕುದಿಸಿರಲಿಲ್ಲ. ನಾನೇ ಅದನ್ನು ಅವರ ಕೈಗೆ ಮುಟ್ಟಿಸಿದೆ. ಅಣ್ಣನವರು ತಂಬಿಗೆಯನ್ನು ಎತ್ತಿ, ತುಟಿಗೆ ಹಚ್ಚದೆ, ಗಟಗಟ ಕುಡಿದರು. ಅವರ ಗಂಟಲು ಏರುವುದನ್ನೂ ಇಳಿಯುವುದನ್ನೂ ಕಾಕಾ ನೋಡುತ್ತ ನಿಂತಿದ್ದರು. ಉಳಿದ ಥಂಡ ಕಷಾಯವನ್ನು ಟಾಂಗಾದವನು ಕುಡಿದು, ಚಲೋ ಆಗೇತಿ ಎಂದ. ಎರಡು ಗಂಟೆಗೆ ಅವನನ್ನು ಕಳಿಸಿದೆವು. ತಂದೆ ಈ ಹೊತ್ತು ಬರುವುದಿಲ್ಲವೆಂದು ಟಿಕೋಟಾದಲ್ಲಿ ಕಾಯುವ ಮಗನಿಗೆ ಹೇಳಲು, ಬಸ್ಸಿನ ಡ್ರೈವರನಿಗೆ ಟಾಂಗಾದವನ ಕೈಯಲ್ಲೇ ಮಾತು ಮುಟ್ಟಿಸಿದೆವು.

ಕಾಕಾ ಈಗಿಲ್ಲ. ಅಣ್ಣನವರು ಅವರಿಗಿಂತ ಮೊದಲೇ ಹೋದರು, ಆದರೆ ಆ ಒಂದು ಕಣ್ಣಿನಿಂದ ಹಲವು ಸುಗ್ಗಿ ನೋಡಿ ಹೋದರು. ಇದಿಷ್ಟು ಆಮೇಲಿನದು. ಆ ದಿನದ ಕೆಲಸ ಇನ್ನೂ ಬಾಕಿಯಿತ್ತು.

ಮೂರು ಗಂಟೆಗೆ ಮಂಚವನ್ನು ನಡುಮನೆಯಲ್ಲಿ ಗಾಳಿ ಬರುವ ಕಡೆ ಹಾಕಿದೆವು. ಅಣ್ಣನವರು ಹೊಸ್ತಿಲು ದಾಟುವಾಗ ಕಾಲು ಎತ್ತಲು ನಾನು ಹೇಳಬೇಕೆನ್ನುವಷ್ಟರಲ್ಲಿ ತಾವೇ ಎತ್ತಿದರು. ನಾಲ್ಕಕ್ಕೆ ಜ್ವರ ನೋಡಿದೆ. ಇರಲಿಲ್ಲ. ಆರೂವರೆಗೆ, ಬೆಳಕಿರುವಾಗಲೇ, ಪಟ್ಟಿ ಬಿಚ್ಚಿದೆ. ಔಷಧದ ಹನಿ ಬಿಡುವಾಗ ತಲೆ ಅಲುಗದಂತೆ ಯಾರಾದರೂ ಹಿಡಿಯಬೇಕು. ಕಾಕಾ ಮಂಚದ ತಲೆಯ ಕಡೆ ನೆಲದ ಮೇಲೆ ಕುಳಿತು ಅಣ್ಣನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. ಹೊಲಿಗೆ ಭದ್ರವಾಗಿತ್ತು. ಎರಡು ಹನಿ ಬಿಟ್ಟು, ಹೊಸ ಅರಳೆ ಇಟ್ಟು, ಪಟ್ಟಿ ಸುತ್ತಿ ಗಂಟು ಹಾಕಿದೆ. ಆಯಿತು, ಬಿಡಿ ಎಂದೆ. ಕಾಕಾ ಬಿಡಲಿಲ್ಲ. ಅಣ್ಣನವರೂ ಬಿಡು ಅನ್ನಲಿಲ್ಲ. ನಾನು ಆರು ಗಂಟೆ ನಲವತ್ತು ನಿಮಿಷ ಎಂದು ಬರೆದು, ಕೈ ತೊಳೆದುಕೊಂಡೆ.